ವೀರನಹೊಸಹಳ್ಳಿಯ ಹೊಗೆ: ಕಾಡಂಚಿನ ಬೆಂಕಿಯ ಒಂದು ಚರಿತ್ರೆ

ಫೆಬ್ರವರಿಯ ಕೊನೆಯ ವಾರದ ಒಂದು ಮಧ್ಯಾಹ್ನ ನೀವು ಹುಣಸೂರಿನಿಂದ ನಾಗರಹೊಳೆಯ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆಯನ್ನು ಹಿಡಿದಿದ್ದೀರೆಂದು ಭಾವಿಸಿಕೊಳ್ಳಿ. ಹೊಗೆಸೊಪ್ಪಿನ ಬೆಳೆ ಎಂದೋ ಮುಗಿದು ಹೊಲಗಳು ಬರಿದಾಗಿವೆ. ರಾಗಿಯ ಹುಲ್ಲಿನ ಮೆದೆಗಳು ಕಣದ ಅಂಚಿನಲ್ಲಿ ನಿಂತಿವೆ. ಮುತ್ತುಗದ ಮರಗಳು ಎಲೆಗಳನ್ನು ಉದುರಿಸಿ ಕೆಂಪು ಹೂಗಳನ್ನು ಹೊತ್ತಿವೆ. ಊರುಗಳು ವಿರಳವಾಗುತ್ತ ಬಂದು ಕೊನೆಗೆ ವೀರನಹೊಸಹಳ್ಳಿ ಎದುರಾಗುತ್ತದೆ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ಗೇಟು. ಅದರಾಚೆಗೆ ನಾಗರಹೊಳೆಯ ಕಾಡು. ಸಂಜೆಯಾದ ಮೇಲೆ ಆ ಗೇಟನ್ನು ಮುಚ್ಚುತ್ತಾರೆ. ಬೆಳಗಾಗುವವರೆಗೆ ಆ ರಸ್ತೆ ಮನುಷ್ಯರದಲ್ಲ.

ಮೈಸೂರು ದಸರಾ ನೋಡಿದವರಿಗೆ ಈ ಊರಿನ ಹೆಸರು ಅಪರಿಚಿತವಾಗಿರಲಾರದು. ಜಂಬೂಸವಾರಿಯ ಆನೆಗಳು ಅರಮನೆಯತ್ತ ಹೊರಡುವ ಗಜಪಯಣ ಇತ್ತೀಚಿನ ವರ್ಷಗಳಲ್ಲಿ ಆರಂಭವಾಗುವುದು ಇಲ್ಲಿಂದಲೇ. ಆ ದಿನ ಮಂತ್ರಿಗಳು ಬರುತ್ತಾರೆ, ಆನೆಗಳಿಗೆ ಪೂಜೆಯಾಗುತ್ತದೆ, ಮಾವುತರ ಮತ್ತು ಕಾವಾಡಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಅದು ಮಳೆಗಾಲದ ಮಾತು. ನಾನು ನಿಮ್ಮನ್ನು ಕರೆದೊಯ್ಯಬಯಸುವುದು ಹಬ್ಬವಿಲ್ಲದ, ಕ್ಯಾಮೆರಾಗಳಿಲ್ಲದ, ಒಣಗಿದ ಕಾಲಕ್ಕೆ. ಊರಿನ ಪಶ್ಚಿಮದಲ್ಲಿ ಹೊಗೆ ಏಳುವ ಕಾಲಕ್ಕೆ.

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಚಳಿ ಓಡಿಹೋದ ಹಾದಿಯಲ್ಲಿಯೇ ಬೆಂಕಿ ಬರುತ್ತದೆ. ಮೊದಲು ಕಾಣುವುದು ದಿಗಂತದಲ್ಲಿ ಬೂದು ಬಣ್ಣದ ಒಂದು ಕಂಬ. ಸಂಜೆಯ ಹೊತ್ತಿಗೆ ಗಾಳಿಯಲ್ಲಿ ಸುಟ್ಟ ಎಲೆಯ ವಾಸನೆ. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿಯ ಚೂರುಗಳು ಬಂದು ಬೀಳುತ್ತವೆ. ರಾತ್ರಿ ಕತ್ತಲೆಯಲ್ಲಿ ಕೆಂಪು ಗೆರೆಯೊಂದು ಹರಿದಾಡುತ್ತದೆ. ಮಕ್ಕಳು ಮತ್ತು ವೃದ್ಧರು ಕೆಮ್ಮುತ್ತಾರೆ. ದನ ಕಾಯುವವರು ಕಾಡಿನ ಕಡೆಗೆ ದನಗಳನ್ನು ಬಿಡಲು ಅಂಜುತ್ತಾರೆ. ಹೊಗೆಗೆ ಹೆದರಿದ ಆನೆಗಳು ಯಾವ ಹೊತ್ತಿನಲ್ಲಿ ಹೊಲದೊಳಗೆ ಬಂದು ನಿಲ್ಲುತ್ತವೆಯೋ ಹೇಳಬರುವಂತಿಲ್ಲ. ಇಂಥ ದಿನಗಳಲ್ಲಿ ಚಹಾದ ಅಂಗಡಿಯಲ್ಲಿ ಒಂದೇ ಪ್ರಶ್ನೆ: ಬೆಂಕಿ ಹಚ್ಚಿದವರು ಯಾರು? ಉತ್ತರಕ್ಕಾಗಿ ಯಾರೂ ಬಹಳ ಹೊತ್ತು ಕಾಯುವುದಿಲ್ಲ. ಊರಿನವರು ಹಾಡಿಯ ಕಡೆಗೆ ಬೆರಳು ತೋರಿಸುತ್ತಾರೆ. ಹಾಡಿಯವರು ಇಲಾಖೆಯ ಕಡೆಗೆ ತೋರಿಸುತ್ತಾರೆ. ಇಲಾಖೆಯವರು ಕಿಡಿಗೇಡಿಗಳು ಎಂದು ಬರೆದುಕೊಳ್ಳುತ್ತಾರೆ. ಬೆಂಕಿಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಈ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಕೊಡುವುದು ನ್ಯಾಯವಲ್ಲವೆಂದು ನಮಗೆ ತಿಳಿಯುತ್ತದೆ.

ಮೊದಲು ಈ ಕಾಡಿನ ಸ್ವಭಾವವನ್ನು ಅರಿಯೋಣ. ನಾಗರಹೊಳೆಯ ಪಶ್ಚಿಮ ಭಾಗ ಕೊಡಗಿನ ಮಳೆಯನ್ನು ಪಡೆಯುತ್ತದೆ. ಪೂರ್ವದ ಕಡೆಗೆ, ಅಂದರೆ ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಕಡೆಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಇಲ್ಲಿರುವುದು ಎಲೆ ಉದುರಿಸುವ ಕಾಡು. ಮತ್ತಿ, ದಿಂಡಿಗ, ನಂದಿ, ಹೊನ್ನೆ, ಬೀಟೆ, ನೆಲ್ಲಿ ಮತ್ತು ಬ್ರಿಟಿಷರ ಕಾಲದಿಂದ ಸಾಲುಸಾಲಾಗಿ ನೆಟ್ಟು ಬೆಳೆಸಿದ ತೇಗ ಇಲ್ಲಿನ ಮುಖ್ಯ ಮರಗಳು. ಜನವರಿಯಿಂದ ಎಲೆಗಳು ಉದುರತೊಡಗುತ್ತವೆ. ತೇಗದ ಎಲೆ ಅಗಲವಾದದ್ದು; ಒಣಗಿದ ಮೇಲೆ ಕಾಗದದಂತೆ ಉರಿಯುತ್ತದೆ. ಅದರ ನಡುವೆ ಆಳೆತ್ತರದ ಒಣಹುಲ್ಲು. ಬಿದಿರು ಎಷ್ಟೋ ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ, ಬುಡಸಹಿತ ಒಣಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ ಲಂಟಾನ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವೆಂದು ಅಮೆರಿಕಾ ಖಂಡದಿಂದ ನಮ್ಮ ದೇಶಕ್ಕೆ ತಂದ ಈ ಪೊದೆ ಇಂದು ದಕ್ಷಿಣದ ಕಾಡುಗಳ ನೆಲವನ್ನೆಲ್ಲ ಆವರಿಸಿದೆ. ಹುಲ್ಲಿನ ಬೆಂಕಿ ಮೊಣಕಾಲಿನ ಎತ್ತರದಲ್ಲಿ ಓಡುತ್ತದೆ. ಲಂಟಾನಕ್ಕೆ ಹತ್ತಿದ ಬೆಂಕಿ ಪೊದೆಯನ್ನೇರಿ ಮರದ ಕೊಂಬೆಯನ್ನು ಮುಟ್ಟುತ್ತದೆ.

ಬಿದಿರುಗಳು ಒಂದಕ್ಕೊಂದು ಉಜ್ಜಿಕೊಂಡು ಬೆಂಕಿ ತಾನಾಗಿಯೇ ಹುಟ್ಟುತ್ತದೆ ಎಂದು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಆ ಮಾತಿಗೆ ಆಧಾರ ಬಲು ಕಡಿಮೆ. ಸಿಡಿಲಿನಿಂದ ಕಾಡು ಹತ್ತಿ ಉರಿಯುವುದು ಬೇರೆ ದೇಶಗಳಲ್ಲಿ ಸಾಮಾನ್ಯವಾದರೂ, ನಮ್ಮಲ್ಲಿ ಸಿಡಿಲಿನ ಬೆನ್ನಿಗೇ ಮಳೆಯೂ ಬರುತ್ತದೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟಿದವು ಎಂಬುದನ್ನು ತಜ್ಞರು ಒಪ್ಪುತ್ತಾರೆ. ಆದರೆ ಕೈಗಳು ಹಲವು. ಹೊಸ ಹುಲ್ಲು ಚಿಗುರಲೆಂದು ದನಗಾಹಿ ಹಚ್ಚುತ್ತಾನೆ. ಉದುರಿದ ಜಿಂಕೆಯ ಕೊಂಬು ಕಾಣಲೆಂದು ಅದನ್ನು ಮಾರುವವನು ಹಚ್ಚುತ್ತಾನೆ. ಬೇಟೆಗಾರ ಹಚ್ಚುತ್ತಾನೆ. ಜೇನು ಬಿಡಿಸಲು ಹೋದವನ ಸೂಡಿಯಿಂದ ಕಿಡಿ ಬೀಳುತ್ತದೆ. ವಾಹನದಲ್ಲಿ ಹೋಗುವ ಪ್ರವಾಸಿ ಬೀಡಿ ಸಿಗರೇಟಿನ ತುಂಡನ್ನು ಎಸೆಯುತ್ತಾನೆ. ಇಲಾಖೆಯವರೇ ಬೆಂಕಿ ರೇಖೆಯನ್ನು ಸುಡುವಾಗ ಗಾಳಿ ತಿರುಗಿ ಬೆಂಕಿ ಕೈಮೀರುವುದೂ ಉಂಟು. ಕೊನೆಯದಾಗಿ, ದ್ವೇಷದಿಂದ ಹಚ್ಚುವವನೂ ಇದ್ದಾನೆ. ಈ ಕೊನೆಯವನು ಚರಿತ್ರೆಯಲ್ಲಿ ಯಾವಾಗ ಕಾಣಿಸಿಕೊಂಡನು, ಏಕೆ ಕಾಣಿಸಿಕೊಂಡನು ಎಂಬುದೇ ನಾವು ವಿಚಾರಿಸಬೇಕಾದ ವಿಷಯ.

ಒಂದು ಕಾಲದಲ್ಲಿ ಕಾಡಿನ ಬೆಂಕಿ ಮನೆಯ ಒಲೆಯ ಬೆಂಕಿಯಂತೆಯೇ ಜನಜೀವನದ ಒಂದು ಅಂಗವಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ತರಗು ಬೆಂಕಿ ಎಂದು ಕರೆಯುತ್ತಾರೆ. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿರುವಾಗ, ಬಿದ್ದ ತರಗೆಲೆಗೆ ಮಾತ್ರ ಅಲ್ಲಲ್ಲಿ ಬೆಂಕಿ ಕೊಡುತ್ತಿದ್ದರು. ಆ ಬೆಂಕಿ ಸಣ್ಣದು; ದೊಡ್ಡ ಮರಗಳಿಗೆ ಅದರಿಂದ ಹಾನಿಯಿಲ್ಲ. ಮತ್ತಿಯ ದಪ್ಪ ತೊಗಟೆಯಂತೂ ಬೆಂಕಿಯನ್ನು ತಾಳಿಕೊಳ್ಳುವುದಕ್ಕೇ ಹೇಳಿ ಮಾಡಿಸಿದಂತಿದೆ. ಹಾದಿ ತೆರವಾಗುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ಗೆಡ್ಡೆಗೆಣಸು ಸಿಗುತ್ತಿತ್ತು. ನೆಲ್ಲಿಯ ಮರವನ್ನು ಹಿಡಿದು ಕೊಲ್ಲುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಗಿ ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನವೂ ಬದನಿಕೆಯೂ ಹೆಚ್ಚಿದವು ಎಂಬ ಅವರ ಮಾತನ್ನು ಸಂಶೋಧಕರು ಗಂಭೀರವಾಗಿಯೇ ಪರಿಶೀಲಿಸಿದ್ದಾರೆ.

ಬೆಂಕಿಯನ್ನು ಅಪರಾಧವೆಂದು ಮೊದಲು ಕಂಡದ್ದು ಮರವನ್ನು ಹಣವೆಂದು ಕಂಡ ಕಾಲ. 19ನೆಯ ಶತಮಾನದ ಮಧ್ಯಭಾಗದಿಂದ ಬ್ರಿಟಿಷ್ ಅಧಿಕಾರಿಗಳು ಹಡಗಿಗೂ ರೈಲು ಹಾದಿಗೂ ಬೇಕಾದ ತೇಗವನ್ನು ಉಳಿಸಿಕೊಳ್ಳುವ ಸಲುವಾಗಿ ಕಾಡನ್ನು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ತಡೆದರು. 1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಆರಂಭವಾಯಿತು. ಕಾಡಿನೊಳಗೆ ಮರ ಕಡಿಯಲು, ಸಸಿ ನೆಡಲು, ಆನೆ ಪಳಗಿಸಲು ಜೇನುಕುರುಬರೂ ಬೆಟ್ಟಕುರುಬರೂ ಬೇಕಾಗಿದ್ದರು. ಕಾಕನಕೋಟೆಯ ಪ್ರಸಿದ್ಧ ಖೆಡ್ಡಾಗಳು ಅವರ ನೆರವಿಲ್ಲದೆ ನಡೆಯುತ್ತಿರಲಿಲ್ಲ. ದುಡಿಮೆಗೆ ಬೇಕು, ಆದರೆ ಹಕ್ಕಿಗೆ ಬೇಡ ಎಂಬ ಸಂಬಂಧ ಅಂದಿನಿಂದಲೇ ಬೆಳೆದುಬಂದಿತು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಳಿಕ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಆ ಕಾಡಿನ ಒಂದು ಭಾಗವನ್ನು ಮುಳುಗಿಸಿತು.

ಇತ್ತ 1955ರಲ್ಲಿ ಕೊಡಗಿನ ಭಾಗದ ಕಾಡು ವನ್ಯಧಾಮವಾಯಿತು. 1970ರ ದಶಕದಲ್ಲಿ ಮೈಸೂರು ಜಿಲ್ಲೆಯ ಭಾಗವೂ ಅದಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನೂ ಬೆಂಕಿಯನ್ನು ಉರಿಯಲು ಬಿಟ್ಟುಹೋಗುವುದನ್ನೂ ಸ್ಪಷ್ಟವಾಗಿ ನಿಷೇಧಿಸಿತು. 1988ರಲ್ಲಿ 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. 1999ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಇದರಿಂದ ಕಾಡಿಗೆ ಆದ ಲಾಭವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಕಳ್ಳಬೇಟೆಯಿಂದ ಬರಿದಾಗುತ್ತಿದ್ದ ಕಾಡಿನಲ್ಲಿ ಹುಲಿ, ಕಾಟಿ, ಆನೆಗಳು ಮತ್ತೆ ನೆಲೆ ಕಂಡವು. ಲಕ್ಷ್ಮಣತೀರ್ಥದ ನೀರು ಹನಗೋಡಿನ ಕಟ್ಟೆಯಿಂದ ಕಾಲುವೆಗಳಿಗೆ ಹರಿಯುವಾಗ, ಆ ನೀರಿನಲ್ಲಿ ಈ ಕಾಡಿನ ಪಾಲೂ ಇದೆಯೆಂಬುದನ್ನು ಹುಣಸೂರಿನ ರೈತರು ಬಲ್ಲರು.

ಆದರೆ ಈ ಲಾಭದ ಬೆಲೆಯನ್ನು ತೆತ್ತವರು ಯಾರು? ಕಾಡಿನೊಳಗಿನ ಹಾಡಿಗಳಿಂದ ಕುಟುಂಬಗಳು ಹೊರಬಂದವು. ಕೆಲವರು ಒಪ್ಪಿ, ಹಲವರು ಒಪ್ಪದೆ. ಕಾಫಿ ತೋಟಗಳ ಲೈನುಮನೆಗಳಲ್ಲಿ, ರಸ್ತೆಯ ಬದಿಯ ಗುಡಿಸಲುಗಳಲ್ಲಿ ಎಷ್ಟೋ ಮಂದಿ ನೆಲೆ ತಪ್ಪಿದವರಾಗಿ ಉಳಿದರು. 1990ರ ದಶಕದ ಕೊನೆಯಿಂದ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರ ತಲೆಯೆತ್ತಿತು. ಅದೇ ದಶಕದಲ್ಲಿ ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ಪ್ರವಾಸಿಗರಿಗಾಗಿ ಖಾಸಗಿ ಹೋಟೆಲೊಂದನ್ನು ತೆರೆಯುವ ಪ್ರಯತ್ನ ನಡೆದು, ಆದಿವಾಸಿಗಳ ಹೋರಾಟದ ನಂತರ 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ನೀವು ಹೊರಗೆ ಹೋಗಿ, ಅತಿಥಿಗಳು ಒಳಗೆ ಬರಲಿ ಎಂಬ ಸಂದೇಶ ಹಾಡಿಯ ಜನರ ಕಿವಿಗೆ ಹೇಗೆ ಕೇಳಿಸಿದ್ದೀತೆಂದು ನೀವೇ ಊಹಿಸಿಕೊಳ್ಳಿ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟು, ಈ ಭಾಗದ ಕಾಡುಗಳಿಂದ ಹೊರಬಂದ 3,418 ಆದಿವಾಸಿ ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೇಳಿತು. 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದ ಕರಡಿಕಲ್ಲಿನಲ್ಲಿ ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರಿನಲ್ಲಿ ತಮ್ಮ ಹಳೆಯ ನೆಲಕ್ಕೆ ಮರಳಿಹೋದದ್ದನ್ನು ನೋಡಿದರೆ, ಈ ಗಾಯ ಇನ್ನೂ ಮಾಗಿಲ್ಲವೆಂದು ತಿಳಿಯುತ್ತದೆ.

ಇಂತಹ ನೆಲದಲ್ಲಿಯೇ ದ್ವೇಷದ ಬೆಂಕಿ ಹುಟ್ಟಿತು. 1992ರಲ್ಲಿ ನಾಗರಹೊಳೆಯ ಅರಣ್ಯ ಸಿಬ್ಬಂದಿಗೂ ಅವರ ವಿರುದ್ಧ ಕೆರಳಿದ ಜನರಿಗೂ ನಡುವಿನ ಕಲಹ ಹಿಂಸೆಗೆ ತಿರುಗಿ, ಸುಮಾರು 20 ಚದರ ಕಿಲೋಮೀಟರ್ ಕಾಡು ಉದ್ದೇಶಪೂರ್ವಕವಾಗಿ ಹಚ್ಚಿದ ಬೆಂಕಿಗೆ ಆಹುತಿಯಾಯಿತು. ಅಂದು ಬೆಂಕಿ ಆಯುಧವಾಯಿತು. ಶತ್ರುವನ್ನು ಹೊಡೆಯಲಾಗದವನು ಶತ್ರು ಕಾಯುವ ವಸ್ತುವನ್ನು ಸುಡುತ್ತಾನೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಕಾಡಿನ ಕಟ್ಟುಪಾಡುಗಳಿಂದ ನಷ್ಟವಾದವರು ಹಾಡಿಯ ಬಡವರಷ್ಟೇ ಅಲ್ಲ. ಬೇಟೆ, ಮರಸಾಗಣೆಗಳ ಲಾಭ ಕಳೆದುಕೊಂಡ ಪ್ರಬಲರೂ ಇದ್ದರು. ಬಡವನ ಸಿಟ್ಟು ಯಾವುದು, ಬಲ್ಲಿದನ ಸಂಚು ಯಾವುದು ಎಂದು ಬೂದಿಯನ್ನು ನೋಡಿ ಹೇಳಲಾಗದು.

ಅಲ್ಲಿಂದ ಮುಂದೆ ಪ್ರತಿ ಒಣ ವರ್ಷವೂ ಆತಂಕದ ವರ್ಷವಾಯಿತು. 2012ರ ಬೇಸಿಗೆಯಲ್ಲಿ ನಾಗರಹೊಳೆಯಲ್ಲಿ ಹೂಬಿಟ್ಟು ಒಣಗಿದ ಬಿದಿರು ಮೆಳೆಮೆಳೆಯಾಗಿ ನಿಂತಿತ್ತು. ಹತ್ತಿದ ಬೆಂಕಿಗೆ ಅದೇ ಸೌದೆಯಾಯಿತು. 2017ರ ಫೆಬ್ರವರಿ 18ರಂದು ನೆರೆಯ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮನಗೋಳ್ ಜ್ವಾಲೆಗೆ ಸಿಕ್ಕು ಪ್ರಾಣಬಿಟ್ಟರು. 2018ರ ಮಾರ್ಚ್ 3ರಂದು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆ ವಲಯದಲ್ಲಿ ಬೆಂಕಿ ಬಿದ್ದ ಜಾಗವನ್ನು ಪರಿಶೀಲಿಸಲು ಕಾಲ್ನಡಿಗೆಯಲ್ಲಿ ಹೋಗಿದ್ದಾಗ ಆನೆಯ ತುಳಿತಕ್ಕೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಬೆಂಕಿಯಲ್ಲಿ ಸುಟ್ಟ ಗಾಯಗಳಿಂದ ಅರಣ್ಯ ರಕ್ಷಕ ಸುಂದರೇಶ್ ತೀರಿಕೊಂಡರು. ಕಾಡ್ಗಿಚ್ಚು ಎಂದರೆ ನಮ್ಮ ಕಣ್ಣ ಮುಂದೆ ಮರಗಳೂ ಮೃಗಗಳೂ ಬರುತ್ತವೆ. ಈ ಮೂವರ ಹೆಸರುಗಳೂ ಬರಬೇಕು.

2019ರ ಫೆಬ್ರವರಿ 21ರಂದು ಬಂಡೀಪುರದಲ್ಲಿ ಕಾಣಿಸಿಕೊಂಡ ಬೆಂಕಿ ಐದು ದಿನ ಉರಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಇಳಿಜಾರುಗಳು ಕಪ್ಪಾದವು. ಹತ್ತು ಸಾವಿರ ಎಕರೆಗೂ ಹೆಚ್ಚಿನ ಕಾಡು ಸುಟ್ಟಿತು. 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಚೀಲಗಳಲ್ಲಿ ನೀರನ್ನು ಹೊತ್ತು ತಂದು ಸುರಿದವು. ನಗರಗಳಿಂದ ನೂರಾರು ಯುವಕ ಯುವತಿಯರು ಸ್ವಯಂಸೇವಕರಾಗಿ ಬಂದರು. ಅದೇ ಹೊತ್ತಿಗೆ ಮತ್ತೊಂದು ಬೆಂಕಿಯೂ ಹರಡಿತು. ಸುಟ್ಟು ಕರಕಲಾದ ಪ್ರಾಣಿಗಳ ಚಿತ್ರಗಳು ಬಂಡೀಪುರದವೆಂದು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಅವುಗಳಲ್ಲಿ ಹಲವು ಬೇರೆಲ್ಲಿಯದೋ, ಬೇರೆಂದಿನದೋ ಚಿತ್ರಗಳು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನಕ್ಕೆ ಬಂದವರ ವಾಹನಗಳು ನಿಂತಿದ್ದ ಬಯಲಿನಲ್ಲಿ ಒಣಹುಲ್ಲು ಹೊತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಅಲ್ಲಿ ಯಾವ ಹಾಡಿಯೂ ಇರಲಿಲ್ಲ. ಆದ್ದರಿಂದ ಯಾರೂ ಹಾಡಿಯ ಕಡೆಗೆ ಬೆರಳು ತೋರಿಸಲಿಲ್ಲ.

ಈಗ ಬೆಂಕಿಯನ್ನು ಆರಿಸುವುದು ಹೇಗೆಂದು ನೋಡೋಣ. ಹೆಲಿಕಾಪ್ಟರು ಬರುವುದು ಎಂದೋ ಒಮ್ಮೆ. ಉಪಗ್ರಹಗಳು ಬಿಸಿಯನ್ನು ಗುರುತಿಸುತ್ತವೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಆ ಸುದ್ದಿಯನ್ನು ರಾಜ್ಯಗಳಿಗೆ ತಲುಪಿಸುತ್ತಿದೆ. ಆದರೆ ಸುದ್ದಿ ಬಂದ ಮೇಲೆ ಜೀಪು ಹೋಗುವವರೆಗೆ ಹೋಗಿ, ಅಲ್ಲಿಂದ ನಡೆದು, ಹಸಿ ಸೊಪ್ಪಿನ ಕೊಂಬೆಯನ್ನು ಮುರಿದುಕೊಂಡು ಬೆಂಕಿಯನ್ನು ಬಡಿದು ಆರಿಸುವವನು ಮನುಷ್ಯನೇ. ಇತ್ತೀಚೆಗೆ ಎಲೆಗಳನ್ನು ಗಾಳಿಯಿಂದ ದೂಡುವ ಯಂತ್ರಗಳು ಬಂದಿವೆಯಾದರೂ ಹಸಿ ಸೊಪ್ಪಿನ ಕಾಲ ಮುಗಿದಿಲ್ಲ. ಮಧ್ಯಾಹ್ನದ ಗಾಳಿಯಲ್ಲಿ ಬೆಂಕಿಯ ಎದುರಿಗೆ ನಿಲ್ಲಲಾಗದು. ಪಕ್ಕದಿಂದ ಬರಬೇಕು, ರಾತ್ರಿಯ ತಂಪನ್ನು ಕಾಯಬೇಕು. ಆರಿತೆಂದು ಬಿಟ್ಟುಬಂದರೆ ಟೊಳ್ಳು ಮರವೊಂದು ಒಳಗೊಳಗೇ ಉರಿದು, ಮೂರನೆಯ ದಿನ ಬಿದ್ದು, ರೇಖೆಯ ಆಚೆಗೆ ಕಿಡಿ ಚೆಲ್ಲುತ್ತದೆ. ಈ ಸೂಕ್ಷ್ಮಗಳನ್ನು ಬಲ್ಲವರಾರು? ಬೇಸಿಗೆಯ ಕೆಲವು ತಿಂಗಳಿಗೆಂದು ದಿನಗೂಲಿಯ ಮೇಲೆ ನೇಮಕವಾಗುವ ಬೆಂಕಿ ಕಾವಲುಗಾರರು. ಅವರಲ್ಲಿ ಬಹುಮಂದಿ ಅದೇ ಹಾಡಿಗಳವರು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆಗಸ್ಟಿನಲ್ಲಿ ನಾವು ಯಾರ ಕೈಯಲ್ಲಿರುವ ಆನೆಗೆ ಆರತಿ ಎತ್ತುತ್ತೇವೆಯೋ, ಫೆಬ್ರವರಿಯಲ್ಲಿ ಅವರ ಜನರನ್ನೇ ಸಂಶಯಿಸುತ್ತೇವೆ. ಬೆಂಕಿ ಹಚ್ಚಿದವರೆಂದು ನಾವು ಯಾರನ್ನು ಕರೆಯುತ್ತೇವೆಯೋ, ಬೆಂಕಿ ಆರಿಸಲು ಅವರನ್ನೇ ಕಳುಹಿಸುತ್ತೇವೆ. ಅವರಲ್ಲಿ ತಪ್ಪಿತಸ್ಥರು ಇರಲಾರರೆಂದು ನಾನು ಹೇಳುತ್ತಿಲ್ಲ. ಯಾವ ಸಮುದಾಯದಲ್ಲಿ ಇಲ್ಲ? ತಪ್ಪು ಮಾಡಿದವನನ್ನು ಕಾನೂನು ಹುಡುಕಲಿ, ಸಾಕ್ಷ್ಯದಿಂದ ಹಿಡಿಯಲಿ. ಆದರೆ ಹೆಸರಿಲ್ಲದೆ, ಸಾಕ್ಷಿಯಿಲ್ಲದೆ ಇಡೀ ಹಾಡಿಯನ್ನು ದೂಷಿಸುವ ಮಾತು ತಾನೂ ಒಂದು ಕಿಡಿಯೇ. ಆ ಮಾತು ಬಿದ್ದಲ್ಲಿ ಮುಂದಿನ ವರ್ಷದ ಬೆಂಕಿ ಸಿದ್ಧವಾಗುತ್ತದೆ. ಏಕೆಂದರೆ, ಹೊಗೆಯನ್ನು ಮೊದಲು ಕಾಣುವವನು ಕಾಡಿಗೆ ಹತ್ತಿರವಿರುವವನು. ಅವನು ಓಡಿಬಂದು ತಿಳಿಸಬೇಕಾದರೆ, ತಿಳಿಸಿದವನನ್ನೇ ಹಿಡಿಯುವುದಿಲ್ಲವೆಂಬ ಭರವಸೆ ಅವನಿಗಿರಬೇಕು. ಆ ಭರವಸೆ ಇಲ್ಲದಿದ್ದರೆ ಅವನು ಮೌನವಾಗಿ ಮನೆಯೊಳಗೆ ಹೋಗುತ್ತಾನೆ. ಅವನು ಸುಮ್ಮನಾದ ಆ ಒಂದು ಗಂಟೆಯಲ್ಲಿ ಬೆಂಕಿ ಒಂದು ಗುಡ್ಡವನ್ನು ದಾಟಿರುತ್ತದೆ.

ಇನ್ನು ಬಯಲಿನ ಊರುಗಳವರಾದ ನಮ್ಮ ಪಾಲನ್ನೂ ಮರೆಯುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್‌ಗಳು ದಶಕಗಳಿಂದ ಸೌದೆಯನ್ನು ಉರಿಸಿವೆ. ಆ ಸೌದೆಗಾಗಿ ಬಯಲಿನ ಮರಗಳು ಹೋದವು. ಮರಗಳು ಹೋದಂತೆ ಸೌದೆಗೂ ಮೇವಿಗೂ ಜನರ ಕಣ್ಣು ಕಾಡಿನ ಕಡೆಗೆ ಹೊರಳಿತು. ಊರ ಗೋಮಾಳಗಳು ಒಂದೊಂದಾಗಿ ಹೊಲಗಳಾದ ಮೇಲೆ ದನಗಳಿಗೆ ಉಳಿದ ಹುಲ್ಲು ಕಾಡಿನದೇ. ಬೆಂಕಿ ಹಚ್ಚುವ ಕೈ ಒಬ್ಬನದಿರಬಹುದು; ಆ ಕೈಯನ್ನು ಕಾಡಿನತ್ತ ದೂಡಿದ ಕಾರಣಗಳಲ್ಲಿ ನಾವೆಲ್ಲರೂ ಇದ್ದೇವೆ.

ಹಾಗಾದರೆ ಹಳೆಯ ತರಗು ಬೆಂಕಿಯನ್ನು ಮತ್ತೆ ಹಚ್ಚಿದರೆ ಸಾಕೇ? ಅಷ್ಟು ಸುಲಭವಲ್ಲ. ಹಳೆಯ ಬೆಂಕಿ ಓಡಿದ್ದು ಹುಲ್ಲು ಮತ್ತು ತರಗೆಲೆಯ ಮೇಲೆ. ಇಂದು ಅಲ್ಲಿ ಲಂಟಾನ ತುಂಬಿದೆ. ಬೆಂಕಿ ಬಿದ್ದ ಜಾಗದಲ್ಲಿ ಲಂಟಾನ ಬುಡದಿಂದ ಮತ್ತೆ ಚಿಗುರಿ, ಮುಂದಿನ ಬೆಂಕಿಗೆ ಇನ್ನಷ್ಟು ಸೌದೆಯಾಗುತ್ತದೆ ಎಂಬುದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಮೊದಲು ಆ ಪೊದೆಯನ್ನು ಬೇರುಸಹಿತ ತೆಗೆಯಬೇಕು. ಬಳಿಕ ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಬೆಂಕಿ ಎಂಬುದನ್ನು ಬಲ್ಲವರೊಡನೆ ಕುಳಿತು ನಿರ್ಧರಿಸಬೇಕು. ಆಸ್ಟ್ರೇಲಿಯಾದಲ್ಲಿ 2019-20ರ ಭೀಕರ ಕಾಡ್ಗಿಚ್ಚಿನ ನಂತರ, ಅಲ್ಲಿನ ಮೂಲನಿವಾಸಿಗಳು ತಂಪು ಕಾಲದಲ್ಲಿ ಹಚ್ಚುತ್ತಿದ್ದ ಸಣ್ಣ ಬೆಂಕಿಯ ವಿದ್ಯೆಯನ್ನು ಮತ್ತೆ ಕೇಳಿ ತಿಳಿಯಬೇಕೆಂಬ ಮಾತು ಬಲವಾಗಿ ಕೇಳಿಬಂದಿತು. ದೊಡ್ಡ ಬೆಂಕಿಯಿಂದ ಪಾಠ ಕಲಿಯುವುದಕ್ಕಿಂತ ಸಣ್ಣ ಬೆಂಕಿಯನ್ನು ಬಲ್ಲವರಿಂದ ಕಲಿಯುವುದು ಮೇಲು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗಳಿಗೆ ಕಾಡನ್ನು ಕಾಯುವ ಅಧಿಕಾರವನ್ನೂ ಕೊಟ್ಟಿದೆ. ಹಕ್ಕಿನ ಮಾತು ಬಂದಾಗಲೆಲ್ಲ ಭೂಮಿಯ ಲೆಕ್ಕವನ್ನಷ್ಟೇ ಮಾಡುವ ನಾವು, ಕಾಯುವ ಹಕ್ಕನ್ನು ಓದುವುದೇ ಇಲ್ಲ.

ನಮ್ಮ ತಪಸ್ಸು ಕಾಲವೂ ಈ ಸೀಮೆಯ ಬೆಂಕಿಯ ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ವಿಭೂತಿ ಬುಧವಾರ ಹಣೆಯ ಮೇಲೆ ಬೂದಿಯನ್ನು ಧರಿಸುವಾಗ ನಾವು ನೆರೆಯವನ ತಪ್ಪನ್ನು ನೆನೆಯುವುದಿಲ್ಲ, ನಮ್ಮದನ್ನು ನೆನೆಯುತ್ತೇವೆ. ಸುಟ್ಟ ಕಾಡಿನ ಬೂದಿಯ ಮುಂದೆ ನಿಂತಾಗಲೂ ಅದೇ ನಿಯಮ ಸಲ್ಲಬೇಕಲ್ಲವೇ?

ಮಾರ್ಚ್ ಕಳೆದು, ಮಾವಿನ ಮಳೆ ಬಿದ್ದ ದಿನ ವೀರನಹೊಸಹಳ್ಳಿಯ ಜನ ನಿಟ್ಟುಸಿರು ಬಿಡುತ್ತಾರೆ. ಒಂದೆರಡು ವಾರಗಳಲ್ಲಿ ಕಪ್ಪು ನೆಲದಿಂದ ಹಸಿರು ಹುಲ್ಲು ಏಳುತ್ತದೆ. ಜಿಂಕೆಗಳೂ ಕಾಟಿಗಳೂ ಅಲ್ಲಿಗೇ ಬಂದು ಮೇಯುತ್ತವೆ. ನೋಡಿದವರು ಏನೂ ಆಗಿಲ್ಲವೆಂದುಕೊಳ್ಳುತ್ತಾರೆ. ಆದರೆ ನೆಲದಲ್ಲಿ ಗೂಡು ಕಟ್ಟಿದ್ದ ಹಕ್ಕಿಯ ಮೊಟ್ಟೆ, ತರಗೆಲೆಯ ಕೆಳಗಿದ್ದ ಆಮೆ, ಎರಡು ವರ್ಷದ ಹೊನ್ನೆಯ ಸಸಿ ಇವು ಮರಳಿ ಬರುವುದಿಲ್ಲ. ಮನುಷ್ಯರ ನಡುವಿನ ವಿಶ್ವಾಸವೂ ಆ ಸಸಿಯಂತೆಯೇ; ಹುಲ್ಲಿನಂತೆ ಒಂದು ಮಳೆಗೆ ಚಿಗುರುವುದಿಲ್ಲ.

ಬೆಂಕಿ ರೇಖೆಯನ್ನು ಬೆಂಕಿ ಬಂದ ಮೇಲೆ ಎಳೆಯಲಾಗದು. ಚಳಿಗಾಲದಲ್ಲಿಯೇ ಹುಲ್ಲನ್ನು ಸವರಿ, ಒಣಗಿಸಿ, ಎಚ್ಚರದಿಂದ ಸುಟ್ಟು ಸಿದ್ಧಮಾಡಬೇಕು. ಊರಿಗೂ ಹಾಡಿಗೂ, ಹಾಡಿಗೂ ಇಲಾಖೆಗೂ ನಡುವೆ ಮಾತು ನಡೆಯಬೇಕಾದದ್ದೂ ಹಾಗೆಯೇ ಹೊಗೆ ಏಳುವ ಮುನ್ನ. ಮುಂದಿನ ಬಾರಿ ನೀವು ಹುಣಸೂರಿನ ಹಾದಿಯಲ್ಲಿ ಹೋಗುವಾಗ ಪಶ್ಚಿಮದಲ್ಲಿ ಬೂದು ಬಣ್ಣದ ಕಂಬವೊಂದು ಕಂಡರೆ, ಯಾರು ಹಚ್ಚಿದರೆಂದು ಕೇಳುವ ಮೊದಲು, ಅದನ್ನು ಆರಿಸಲು ಯಾರು ಹೋಗಿದ್ದಾರೆಂದು ಕೇಳಿ. ಅವರ ಹೆಸರನ್ನು ತಿಳಿದುಕೊಳ್ಳಿ. ಅವರಿಗೆ ಆ ತಿಂಗಳ ಕೂಲಿ ಸಂದಿದೆಯೇ ಎಂದು ವಿಚಾರಿಸಿ.